ಹುಡುಕು, ಹುಡುಕಿ, ಹುಡುಕಿರಿ: ಬಟನ್ ಮೇಲೆ ಯಾವುದು ಒಳ್ಳೆಯದು?

ಎಲ್ಲರಿಗೂ ನಮಸ್ಕಾರ.

ಬ್ಯಾಡಗಿ ಸುತ್ತಲಿನ ಮೆಣಸಿನಕಾಯಿ ಬೆಳೆಗಾರರಿಗಾಗಿ ಒಂದು ಜಾಲತಾಣ ಮಾಡುತ್ತಿದ್ದೇವೆ. ಓದುವವರಲ್ಲಿ ವಯಸ್ಸಾದವರೇ ಜಾಸ್ತಿ. ಹೊಲದಲ್ಲೋ ಮಾರುಕಟ್ಟೆಯಲ್ಲೋ ಬಿಸಿಲಿಗೆ ನಿಂತು ಮೊಬೈಲಿನಲ್ಲಿ ನೋಡುವವರು. ಹಾಗಾಗಿ ಅಕ್ಷರ ದೊಡ್ಡದಿಟ್ಟು, ಬಿಳಿಯ ಮೇಲೆ ಅಚ್ಚ ಕಪ್ಪು ಹಾಕಿದ್ದೇವೆ. ತಲೆಬರಹಕ್ಕೆ ‘ದರಪಟ್ಟಿ’ ಬಿಟ್ಟು ‘ಇವತ್ತಿನ ಧಾರಣಿ’, ‘ಆವಕ’ (ಪೇಟೆಗೆ ಬಂದ ಮಾಲು) ಅಂತ ಪೇಟೆಯ ಮಾತನ್ನೇ ಇಟ್ಟುಕೊಂಡಿದ್ದೇವೆ. ಇದಕ್ಕೆ ಯಾರ ತಕರಾರೂ ಇಲ್ಲ. ಚರ್ಚೆ ನಿಂತಿರುವುದು ಬಟನ್ ಮೇಲಿನ ಕ್ರಿಯಾಪದದ ಹತ್ತಿರ.

ಕಂಪ್ಯೂಟರಿನ ಕನ್ನಡದಲ್ಲಿ ‘ಹುಡುಕು’, ‘ಉಳಿಸು’ ಅಂತ ಬರೆಯುವ ರೂಢಿ ಇದೆ. ಅದಕ್ಕೊಂದು ತರ್ಕವೂ ಇದೆ. ಬಟನ್ ಒತ್ತುವವರು ಯಂತ್ರಕ್ಕೆ ಅಪ್ಪಣೆ ಕೊಡುತ್ತಾರೆ, ಯಂತ್ರಕ್ಕೆ ಬಹುವಚನ ಯಾಕೆ ಅಂತ. ಆದರೆ ಓದುವವರಿಗೆ ಹಾಗೆ ಅನಿಸುವುದಿಲ್ಲ. ಪುಟವೇ ತಮಗೆ ಹೇಳುತ್ತಿದೆ ಅಂದುಕೊಳ್ಳುತ್ತಾರೆ. ನಮ್ಮ ಹಾವೇರಿ ಕಡೆ ಹಿರಿಯರಿಗೆ ‘ಬರ್ರಿ, ಕೂಡ್ರಿ’ ಅನ್ನದೆ ಮಾತೇ ಶುರುವಾಗುವುದಿಲ್ಲ. ಅಂಥವರಿಗೆ ‘ಹುಡುಕು’ ಅಂದರೆ ಗದರಿಸಿದ ಹಾಗೆ, ಅಲ್ವಾ?

‘ಹುಡುಕಿ’ ಅಂದರೆ ಮರ್ಯಾದೆ ಉಳಿಯುತ್ತದೆ. ಆದರೆ ಅದು ‘ಹುಡುಕಿ ತಂದರು’ ಅನ್ನುವಲ್ಲಿಯ ಅರ್ಧ ಕ್ರಿಯೆಯೂ ಹೌದು. ಸಣ್ಣ ಪರದೆಯಲ್ಲಿ ಒಂದು ಸಾಲು ‘ಮಾರುಕಟ್ಟೆ ಹುಡುಕಿ’, ಅದರ ಕೆಳಗೇ ‘ಧಾರಣಿ ನೋಡಿ’ ಅಂತ ಇದೆ ಅನ್ನಿ. ಇವು ಎರಡು ಬೇರೆ ಕೆಲಸವೋ, ಮೊದಲು ಹುಡುಕಿ ಆಮೇಲೆ ನೋಡಬೇಕೋ? ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶವಂತೂ ‘ಹುಡುಕಿ’ ಅಂತ ಅಷ್ಟೇ ಹೇಳಿ ನಿಂತರೆ, ಕೇಳುವವರು ಮಾತು ಮುಗಿಯಲಿ ಅಂತ ಕಾಯುತ್ತಾರೆ.

‘ಹುಡುಕಿರಿ’ಯಲ್ಲಿ ಈ ಎರಡೂ ತೊಡಕಿಲ್ಲ. ನನ್ನ ಒಲವು ಅದರ ಕಡೆಗೇ. ಒಂದಕ್ಷರ ಹೆಚ್ಚಾಗುತ್ತದೆ, ಆಗಲಿ. ಕನ್ನಡದ ಬಟನ್‌ಗೆ ನಿಜವಾಗಿ ಸಾಲದಿರುವುದು ಅಗಲಕ್ಕಿಂತ ಎತ್ತರ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಬಟನ್‌ನಲ್ಲಿ ‘ಮುಚ್ಚಿರಿ’ ಅಂತ ಹಾಕಿದರೆ ಕೆಳಗಿನ ಒತ್ತು ಕತ್ತರಿಸಿಹೋಗಿ ‘ಮುಚಿರಿ’ ಆಗುತ್ತದೆ. ಮೇಲೆ ಕೆಳಗೆ ಜಾಗ ಬಿಟ್ಟರೆ ಇದು ಸರಿಹೋಗುತ್ತದೆ.

ಯಾವುದನ್ನು ಆರಿಸಿದರೂ ಎಲ್ಲ ಪುಟಕ್ಕೂ ಅದೇ ಇರಬೇಕು. ಜಾಲತಾಣಗಳಿಗೆ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಹೊರತಂದ ಸೂಚನೆಗಳಲ್ಲಿ ಇದೂ ಒಂದು: ಒಂದೇ ಕೆಲಸ ಮಾಡುವ ಬಟನ್‌ನ ಹೆಸರು ಪುಟದಿಂದ ಪುಟಕ್ಕೆ ಬದಲಾಗಬಾರದು. ಇಲ್ಲಿ ‘ಹುಡುಕು’, ಅಲ್ಲಿ ‘ಹುಡುಕಿ’ ಅಂತ ಕಲಸಿಬಿಟ್ಟರೆ ಓದುವವರಿಗೆ ಸುಮ್ನೆ ಗೊಂದಲ.

ಮೈಸೂರು, ಮಂಗಳೂರು ಕಡೆಯವರನ್ನು ಕೇಳಬೇಕಾಗಿದೆ. ನಿಮ್ಮ ಕಿವಿಗೆ ‘ಹುಡುಕಿರಿ’, ‘ಕಳಿಸಿರಿ’ ತೀರಾ ಪಠ್ಯಪುಸ್ತಕದ ಧಾಟಿ ಅನಿಸುತ್ತದೆಯೇ? ‘ಹುಡುಕಾಟ’ ಅಂತ ನಾಮಪದ ಮಾಡಿ ಪಾರಾಗಬಹುದು ಅಂತ ಒಬ್ಬರು ಹೇಳಿದರು. ಆದರೆ ‘ಕಳಿಸು’ವಿಗೆ ಆ ದಾರಿ ಇಲ್ಲ.

ಇನ್ನೊಂದು ಪದ ನನಗೆ ಬಗೆಹರಿದಿಲ್ಲ. ರೈತರು ತಮ್ಮ ಬೆಳೆಯ ಫೋಟೋ ಹಾಕಬಹುದು, ಬೇಡವಾದರೆ ತೆಗೆಯಬಹುದು. ‘ಅಳಿಸಿರಿ’ ಅಂದರೆ ಅಳುವಂತೆ ಮಾಡಿ ಅಂತಲೂ ಆಗುತ್ತದೆ. ‘ಫೋಟೋ ತೆಗೆಯಿರಿ’ ಅಂದರೆ ಕ್ಯಾಮೆರಾ ಹಿಡಿಯುತ್ತಾರೆ. ‘ತೆಗೆದುಹಾಕಿರಿ’ ಅರ್ಥಕ್ಕೆ ಸರಿ, ಮೊಬೈಲಿನಲ್ಲಿ ಉದ್ದವಾಗುತ್ತದೆ. ನಿಮ್ಮ ಕಡೆ ಇದಕ್ಕೆ ಚಿಕ್ಕದಾದ, ದಿನಬಳಕೆಯ ಮಾತು ಯಾವುದಿದೆ?