ಪದಚರ್ಚೆ: ‘ಮರುಬಳಕೆ’ – ಒಂದೇ ಪದಕ್ಕೆ ಎಷ್ಟು ಕೆಲಸ?

ಎಲ್ಲರಿಗೂ ನಮಸ್ಕಾರ,

ವಿನ್ಯಾಸ ಕಲಿಯುವವರಿಗೆಂದು, ಪರಿಸರಕ್ಕೆ ಹೊರೆಯಾಗದ ವಸ್ತುಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಮರುಬಳಕೆ’ಯ ಹತ್ತಿರ ಬಂದು ಗಾಡಿ ನಿಂತಿದೆ. ರೀಯೂಸ್‌ಗೂ ಇದೇ ಪದ, ರೀಸೈಕಲ್‌ಗೂ ಇದೇ. ಸುದ್ದಿ ಓದುವಾಗ ಹೇಗೋ ನಡೆಯುತ್ತದೆ. ಪಾಠ ಹೇಳುವಾಗ ನಡೆಯುವುದಿಲ್ಲ.

ಗಾಜಿನ ಬಾಟಲಿಯನ್ನೇ ನೋಡಿ. ಖಾಲಿಯಾದ ಮೇಲೆ ಅದನ್ನು ಬಿಸಿನೀರಲ್ಲಿ ತೊಳೆದು ಮತ್ತೆ ತುಂಬಿಸಬಹುದು. ಇಲ್ಲವೇ ಒಡೆದು ಚೂರು ಮಾಡಿ, ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ಕರಗಿಸಿ ಹೊಸ ಬಾಟಲಿ ಮಾಡಬಹುದು. ಒಂದರಲ್ಲಿ ಬಾಟಲಿಯೇ ಉಳಿಯುತ್ತದೆ, ಇನ್ನೊಂದರಲ್ಲಿ ಬರೀ ಗಾಜು ಉಳಿಯುತ್ತದೆ. ಸುಡುವ ಇಂಧನದಲ್ಲಿ ಅಜಗಜಾಂತರ. ಆವರ್ತ ವಿನ್ಯಾಸ (ಸರ್ಕ್ಯುಲರ್ ಡಿಸೈನ್, ಅಂದರೆ ವಸ್ತು ಕಸವಾಗದೆ ಮತ್ತೆ ಮತ್ತೆ ಬಳಕೆಗೆ ಬರುವಂತೆ ರೂಪಿಸುವುದು) ಹೇಳುವುದೂ ಇದನ್ನೇ: ಆದಷ್ಟು ದಿನ ಇದ್ದ ರೂಪದಲ್ಲೇ ಬಳಸಿ, ಕೆಟ್ಟರೆ ರಿಪೇರಿ ಮಾಡಿ, ಕರಗಿಸುವ ಮಾತು ಆಮೇಲೆ. ಎರಡಕ್ಕೂ ‘ಮರುಬಳಕೆ’ ಅಂದುಬಿಟ್ಟರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆಯುವುದಾದರೂ ಹೇಗೆ?

(‘ವೃತ್ತಾಕಾರದ ವಿನ್ಯಾಸ’ ಅಂತ ಬರೆಯುವವರೂ ಇದ್ದಾರೆ. ಓದಿದರೆ ದುಂಡಗಿನ ಮೇಜು ಮಾಡುವ ವಿಷಯ ಅನ್ನಿಸುತ್ತದೆ. ‘ಆವರ್ತ’ ವಾಸಿ ಅಲ್ವಾ?)

ವಿಶೇಷಣವಾದಾಗ ಗೊಂದಲ ಇನ್ನೂ ಜಾಸ್ತಿ. ‘ಮರುಬಳಕೆ ಪ್ಲಾಸ್ಟಿಕ್’ ಅಂದರೆ ಹಳೆಯದನ್ನು ಕರಗಿಸಿ ಮಾಡಿದ್ದೋ, ಮುಂದೆ ಕರಗಿಸಲು ಬರುವಂಥದ್ದೋ, ತೊಳೆದು ತೊಳೆದು ಬಳಸುವಂಥದ್ದೋ? ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನ, ನಡುವೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದಲ್ಲ, ಅದನ್ನೂ ‘ಮರುಬಳಕೆ ಗುರುತು’ ಅಂತಲೇ ಕರೆಯುತ್ತಾರೆ. 1988ರಲ್ಲಿ ಬಂದ ಆ ಅಂಕಿ ಹೇಳುವುದು ಪ್ಲಾಸ್ಟಿಕ್ ಯಾವ ಜಾತಿಯದು ಅನ್ನುವುದನ್ನು ಮಾತ್ರ. 1 ಅಂದರೆ ಪೆಟ್, 5 ಅಂದರೆ ಪಾಲಿಪ್ರೊಪಿಲೀನ್. ಆ ಡಬ್ಬಿಯನ್ನು ಯಾರಾದರೂ ಕರಗಿಸಿ ಮತ್ತೆ ಬಳಸುತ್ತಾರೆ ಅನ್ನುವ ಭರವಸೆ ಅದರಲ್ಲಿಲ್ಲ. ಹೆಸರು ಮಾತ್ರ ಆ ಭರವಸೆ ಕೊಡುತ್ತದೆ.

ನನಗೆ ‘ಮರುಬಳಕೆ’ಯನ್ನು ರೀಯೂಸ್‌ಗೇ ಬಿಡುವ ಆಸೆ. ‘ಬಳಕೆ’ ಅದರೊಳಗೇ ಇದೆಯಲ್ಲ. ರೀಸೈಕಲ್‌ಗೆ ಏನು ಅನ್ನೋಣ? ‘ಪುನಶ್ಚಕ್ರೀಕರಣ’ ನಿಘಂಟಿನಲ್ಲೇ ಇರಲಿ, ನಾಲಿಗೆಗೆ ಬೇಡ. ‘ಮರುತಯಾರಿ’ ಚೆನ್ನಾಗಿದೆ, ಆದರೆ ಹಳೆಯ ಯಂತ್ರ ಬಿಚ್ಚಿ, ಸವೆದ ಭಾಗ ಬದಲಿಸಿ, ಹೊಸದರಂತೆ ಮಾಡುತ್ತಾರಲ್ಲ, ಆ ಕೆಲಸಕ್ಕೆ ಅದು ಬೇಕು. ಸುಮ್ನೆ ‘ಕರಗಿಸಿ ಮಾಡಿದ’ ಅನ್ನೋಣ ಅಂದರೆ ಕಾಗದ ಅಡ್ಡ ಬರುತ್ತದೆ. ಅದನ್ನು ಕರಗಿಸುವುದಿಲ್ಲ, ನೀರಲ್ಲಿ ಕದಡಿ ತಿರುಳು ಮಾಡುತ್ತಾರೆ. ಸದ್ಯಕ್ಕೆ ‘ಮರುಸಂಸ್ಕರಣೆ’ ಅಂತ ಬರೆದುಕೊಂಡಿದ್ದೇನೆ. ತುಸು ಒಣಕಲು ಪದ, ಆದರೂ ಗಾಜು, ಕಾಗದ, ಲೋಹ ಎಲ್ಲಕ್ಕೂ ಹೊಂದುತ್ತದೆ.

ಇನ್ನೊಂದು ಬಾಕಿ ಇದೆ. ಕಾಗದದ ನಾರು ಪ್ರತಿ ಸುತ್ತಿನಲ್ಲೂ ತುಂಡಾಗುತ್ತಾ ಹೋಗುತ್ತದೆ. ಬರೆಯುವ ಹಾಳೆಯಾಗಿದ್ದದ್ದು ಕೊನೆಗೆ ಮೊಟ್ಟೆಯ ಟ್ರೇ ಆಗಬಹುದು. ಹೀಗೆ ಗುಣ ಇಳಿಯುತ್ತಾ ಹೋಗುವುದಕ್ಕೆ ‘ಇಳಿಬಳಕೆ’ ಅನ್ನಬಹುದೇ? ಹಳೆಯದರಿಂದ ಬೆಲೆ ಹೆಚ್ಚಿದ ವಸ್ತು ಮಾಡಿದರೆ ‘ಏರುಬಳಕೆ’? ಜೋಡಿ ಕಿವಿಗೆ ಹಿತವಾಗಿದೆ, ವಿವರಣೆ ಇಲ್ಲದೆ ಅರ್ಥವಾಗುತ್ತದೋ ಇಲ್ಲವೋ ನೀವೇ ಹೇಳಿ.

ಗುಜರಿ, ಎರಕ, ಕಾಗದದ ಗಿರಣಿ – ಇಂಥ ಕಡೆ ದುಡಿದವರು ಈ ಗುಂಪಿನಲ್ಲಿದ್ದರೆ, ಅಲ್ಲಿ ಬಾಯಲ್ಲಿ ಓಡಾಡುವ ಪದ ಯಾವುದು ತಿಳಿಸಿ. ಅಂಥದ್ದು ಸಿಕ್ಕರೆ ‘ಮರುಸಂಸ್ಕರಣೆ’ಯನ್ನು ಅಳಿಸಿಬಿಡುತ್ತೇನೆ.