ಡಿಬೌನ್ಸ್ ಇರುವ ಕೋಡ್‌ಗೆ ಯುನಿಟ್ ಟೆಸ್ಟ್ ಹೇಗೆ ಬರೆಯುತ್ತೀರಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಆಂಡ್ರಾಯ್ಡ್ ಆ್ಯಪ್ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹೊಸ ಕೋಡ್ ಎಲ್ಲ ಕೋಟ್ಲಿನ್ ಫ್ಲೋ, ಹಳೆಯದರಲ್ಲಿ ಇನ್ನೂ ಆರ್‌ಎಕ್ಸ್‌ಜಾವಾ ಇದೆ (ಎರಡೂ ಡೇಟಾವನ್ನು ಒಂದರ ಹಿಂದೊಂದಾಗಿ ಸ್ಟ್ರೀಮ್‌ನಂತೆ ಹರಿಸುವ ಲೈಬ್ರರಿಗಳು). ಸರ್ಚ್ ಸ್ಕ್ರೀನ್‌ಗೆ ಟೆಸ್ಟ್ ಬರೆದೆ. 300 ಮಿಲಿಸೆಕೆಂಡ್ ಡಿಬೌನ್ಸ್ (ಟೈಪಿಂಗ್ ನಿಂತು ಅಷ್ಟು ಹೊತ್ತಾದ ಮೇಲೆ ಮಾತ್ರ ಹುಡುಕುವುದು) ಇರುವುದರಿಂದ ಟೆಸ್ಟ್ ಒಳಗೆ 500 ಮಿಲಿಸೆಕೆಂಡ್ ಸ್ಲೀಪ್ ಹಾಕಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್, ಬಿಲ್ಡ್ ಸರ್ವರ್‌ನಲ್ಲಿ ಆಗಾಗ ಫೇಲ್. ಸ್ಲೀಪ್ ಜಾಸ್ತಿ ಮಾಡಲಾ? ಇಂಥ ಕೋಡ್‌ಗೆ ಟೆಸ್ಟ್ ಬರೆದು ಏನಾದರೂ ಉಪಯೋಗ ಇದೆಯಾ?

ಉತ್ತರ 1:
ಸ್ಲೀಪ್ ಜಾಸ್ತಿ ಮಾಡಬೇಡಿ, ತೆಗೆದೇ ಬಿಡಿ. ನಾನೂ ಒಂದು ವರ್ಷ ಹಾಗೇ ಮಾಡಿದೆ. 500 ಇದ್ದದ್ದು 1000 ಆಯಿತು, ಆಮೇಲೆ 2000. ಕೊನೆಗೆ ಟೀಮಿನಲ್ಲಿ ಯಾರೂ ಟೆಸ್ಟ್ ಓಡಿಸುವುದನ್ನೇ ಬಿಟ್ಟರು. ಫೇಲ್ ಆದರೂ "ಅದು ಹಾಗೇ, ಇನ್ನೊಂದು ಸಲ ಓಡಿಸು" ಅನ್ನುವುದು ಅಭ್ಯಾಸವಾಯಿತು.

ಟೆಸ್ಟ್‌ನಲ್ಲಿ ನಿಜವಾದ ಗಡಿಯಾರ ಇರಲೇಬಾರದು. ಕೋಟ್ಲಿನ್ ಟೆಸ್ಟ್ ಲೈಬ್ರರಿಯ ರನ್‌ಟೆಸ್ಟ್ ಒಳಗೆ ಗಡಿಯಾರ ನಕಲಿ, ಸಮಯ ನಿಮ್ಮ ಕೈಯಲ್ಲಿರುತ್ತದೆ. ಅಡ್ವಾನ್ಸ್‌ಟೈಮ್‌ಬೈ ಕರೆದು 300 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ತಳ್ಳಿದರೆ ನಿಜಕ್ಕೂ ಕಾಯುವ ಪ್ರಶ್ನೆಯೇ ಇಲ್ಲ. ಆದರೆ ಇದಕ್ಕೆ ಒಂದು ಷರತ್ತು ಇದೆ. ಕೋಡ್ ಒಳಗೆ ಎಲ್ಲಾದರೂ ಡಿಸ್ಪ್ಯಾಚರ್ಸ್ ಐಒ (ಕೆಲಸ ಯಾವ ಥ್ರೆಡ್ ಮೇಲೆ ಓಡಬೇಕು ಅಂತ ಹೇಳುವುದು ಡಿಸ್ಪ್ಯಾಚರ್) ಅಂತ ನೇರವಾಗಿ ಬರೆದಿದ್ದರೆ ಆ ಭಾಗ ನಿಜವಾದ ಥ್ರೆಡ್ ಮೇಲೆ ಓಡುತ್ತದೆ, ನಿಮ್ಮ ಗಡಿಯಾರದ ಮಾತು ಕೇಳುವುದಿಲ್ಲ. ಡಿಸ್ಪ್ಯಾಚರ್ ಅನ್ನು ಕನ್ಸ್ಟ್ರಕ್ಟರ್ ಮೂಲಕ ಹೊರಗಿನಿಂದ ಕೊಡಿ. ವ್ಯೂಮಾಡೆಲ್ ಸ್ಕೋಪ್ ಮೇನ್ ಡಿಸ್ಪ್ಯಾಚರ್ ಬಳಸುತ್ತದೆ, ಅದರ ಬದಲು ಟೆಸ್ಟ್ ಡಿಸ್ಪ್ಯಾಚರ್ ಕೂರಿಸಲು ಸೆಟ್‌ಮೇನ್ ಕೂಡ ಬೇಕು.

ಟೆಸ್ಟ್ ಬರೆದು ಉಪಯೋಗ ಇದೆಯಾ ಅಂದಿರಲ್ಲ, ನನಗೆ ಸಿಕ್ಕ ಬಗ್ ಹೇಳುತ್ತೇನೆ. ಬಳಕೆದಾರ "ಮಳೆ" ಅಂತ ಟೈಪ್ ಮಾಡಿ ಸ್ವಲ್ಪ ನಿಂತು "ಮಳೆಗಾಲ" ಅಂತ ಮುಂದುವರಿಸುತ್ತಾನೆ ಅಂದುಕೊಳ್ಳಿ. ಮೊದಲನೆಯದು 0 ಮಿಲಿಸೆಕೆಂಡ್‌ಗೆ ಬಂತು, ಹಾಗಾಗಿ 300ಕ್ಕೆ ರಿಕ್ವೆಸ್ಟ್ ಹೋಯಿತು. ಸರ್ವರ್ ನಿಧಾನ, ಉತ್ತರಕ್ಕೆ 2000 ಮಿಲಿಸೆಕೆಂಡ್ ಬೇಕು. ಎರಡನೆಯದು 400ಕ್ಕೆ ಬಂತು, 700ಕ್ಕೆ ರಿಕ್ವೆಸ್ಟ್ ಹೋಯಿತು, 1200ಕ್ಕೆ ಉತ್ತರ ಸಿಕ್ಕಿತು. ಸ್ಕ್ರೀನ್ ಮೇಲೆ "ಮಳೆಗಾಲ"ದ ಫಲಿತಾಂಶ ಇದೆ. ಆದರೆ 2300ಕ್ಕೆ ಹಳೆಯ "ಮಳೆ"ಯ ಉತ್ತರ ಬಂದು ಅದರ ಮೇಲೆ ಕೂರುತ್ತದೆ! ಎಲ್ಲ ರಿಕ್ವೆಸ್ಟ್‌ಗಳನ್ನೂ ಒಟ್ಟಿಗೆ ಓಡಲು ಬಿಡುವ ಫ್ಲಾಟ್‌ಮ್ಯಾಪ್‌ಮರ್ಜ್ ಹಾಕಿದ್ದರಿಂದ ಆದದ್ದು. ಫ್ಲಾಟ್‌ಮ್ಯಾಪ್‌ಲೇಟೆಸ್ಟ್ ಹಾಕಿದ್ದರೆ 700ಕ್ಕೇ ಹಳೆಯ ರಿಕ್ವೆಸ್ಟ್ ರದ್ದಾಗುತ್ತಿತ್ತು. ಕೈಯಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಇದು ಸಿಗುವುದಿಲ್ಲ, ಯಾಕೆಂದರೆ ಆಫೀಸಿನ ನೆಟ್‌ವರ್ಕ್ ಯಾವಾಗಲೂ ವೇಗವಾಗಿರುತ್ತದೆ. ಸುಳ್ಳು ರೆಪಾಸಿಟರಿ (ಡೇಟಾ ತರುವ ಭಾಗದ ನಕಲು) ಒಂದನ್ನು ಬರೆದು, ಅದಕ್ಕೆ ಎರಡು ಬೇರೆ ಬೇರೆ ಡಿಲೇ ಕೊಟ್ಟು, 2400ರವರೆಗೆ ಸಮಯ ತಳ್ಳಿದೆ. ಮೊದಲ ಓಟದಲ್ಲೇ ಟೆಸ್ಟ್ ಫೇಲ್ ಆಯಿತು.

ಉತ್ತರ 2:
ಆರ್‌ಎಕ್ಸ್ ಭಾಗಕ್ಕೆ ಒಂದು ಮಾತು. ಶೆಡ್ಯೂಲರ್ (ಕೆಲಸ ಯಾವ ಥ್ರೆಡ್‌ನಲ್ಲಿ, ಯಾವಾಗ ಓಡಬೇಕು ಅಂತ ನಿರ್ಧರಿಸುವುದು) ಕೊಡದಿದ್ದರೆ ಡಿಬೌನ್ಸ್ ಕಂಪ್ಯುಟೇಶನ್ ಶೆಡ್ಯೂಲರ್ ಮೇಲೆ ಓಡುತ್ತದೆ. ಬಹಳ ಜನ ಟೆಸ್ಟ್‌ನಲ್ಲಿ ಎಲ್ಲವನ್ನೂ ಟ್ರ್ಯಾಂಪೊಲಿನ್ (ಅದೇ ಥ್ರೆಡ್‌ನಲ್ಲಿ ಸಾಲಾಗಿ ಓಡಿಸುವ ಶೆಡ್ಯೂಲರ್) ಮಾಡಿಬಿಡುತ್ತಾರೆ. ಸಮಯಕ್ಕೆ ಸಂಬಂಧವಿಲ್ಲದ ಕೋಡ್‌ಗೆ ಅದು ಸಾಕು. ಆದರೆ ಡಿಲೇ ಬಂದಾಗ ಟ್ರ್ಯಾಂಪೊಲಿನ್ ನಿಜಕ್ಕೂ ಥ್ರೆಡ್ ಅನ್ನು ಮಲಗಿಸುತ್ತದೆ. ಅಲ್ಲಿಗೆ ಸ್ಲೀಪ್ ಮತ್ತೆ ಬಂದ ಹಾಗಾಯಿತು, ಅಲ್ವಾ? ಸಮಯವನ್ನು ನೀವೇ ಮುಂದಕ್ಕೆ ತಳ್ಳಬಹುದಾದ ಟೆಸ್ಟ್‌ಶೆಡ್ಯೂಲರ್ ಬಳಸಿ.

ಉತ್ತರ 3:
ನಾನು ಐಒಎಸ್ ಕಡೆಯವಳು. ಆಪಲ್‌ನ ಇಂಥದೇ ಲೈಬ್ರರಿ ಕಂಬೈನ್‌ನಲ್ಲೂ ಇದೇ ಕಥೆ. ಡಿಬೌನ್ಸ್‌ಗೆ ಶೆಡ್ಯೂಲರ್ ಕೊಡಲೇಬೇಕು, ಆದ್ದರಿಂದ ಹೊರಗಿನಿಂದ ಕೊಡುವುದು ಕಷ್ಟವಲ್ಲ. ಆದರೆ ಆಪಲ್ ಕಂಬೈನ್ ಜೊತೆ ಟೆಸ್ಟ್ ಶೆಡ್ಯೂಲರ್ ಕೊಟ್ಟಿಲ್ಲ. ಕಂಬೈನ್ ಶೆಡ್ಯೂಲರ್ಸ್ ಅನ್ನುವ ಲೈಬ್ರರಿ ಹಾಕಿಕೊಳ್ಳಬೇಕು. ಆರ್‌ಎಕ್ಸ್‌ಸ್ವಿಫ್ಟ್ ಬಳಸುವವರಿಗೆ ಆರ್‌ಎಕ್ಸ್‌ಟೆಸ್ಟ್ ಇದೆ.

ನಾನು ಎಲ್ಲ ಸರ್ಚ್ ಸ್ಕ್ರೀನ್‌ಗೂ ತಪ್ಪದೆ ಬರೆಯುವ ಟೆಸ್ಟ್ ಒಂದಿದೆ: ಮೊದಲ ರಿಕ್ವೆಸ್ಟ್ ಎರರ್ ಕೊಡಲಿ, ಎರಡನೆಯದು ಸರಿಯಾಗಿ ಬರಲಿ. ಎರರ್ ಬಂದರೆ ಸ್ಟ್ರೀಮ್ ಅಲ್ಲಿಗೇ ಮುಗಿಯಿತು. ಆಮೇಲೆ ಬಳಕೆದಾರ ಎಷ್ಟು ಟೈಪ್ ಮಾಡಿದರೂ ಏನೂ ಆಗುವುದಿಲ್ಲ, ಸ್ಕ್ರೀನ್ ಮುಚ್ಚಿ ತೆರೆಯಬೇಕು. ನಮ್ಮ ಆ್ಯಪ್‌ನಲ್ಲಿ ಇದು ವಾರಗಟ್ಟಲೆ ಹಾಗೇ ಇತ್ತು. ದೂರು ಬರೆದವರಿಗೆಲ್ಲ "ಇಂಟರ್ನೆಟ್ ನೋಡಿಕೊಳ್ಳಿ" ಅಂತ ಉತ್ತರ ಕೊಟ್ಟಿದ್ದೆವು. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ. ಎರರ್ ಹಿಡಿಯುವ ಕ್ಯಾಚ್ ಅನ್ನು ಫ್ಲಾಟ್‌ಮ್ಯಾಪ್‌ನ ಒಳಗೆ, ಆ ಒಂದು ರಿಕ್ವೆಸ್ಟ್‌ಗೆ ಮಾತ್ರ ಹಾಕಬೇಕು. ಹೊರಗೆ ಹಾಕಿದರೆ ಎರರ್ ಕಾಣುವುದಿಲ್ಲ, ಆದರೆ ಸ್ಟ್ರೀಮ್ ಹೇಗೂ ನಿಂತುಹೋಗಿರುತ್ತದೆ. ಕೋಟ್ಲಿನ್ ಫ್ಲೋನಲ್ಲೂ ಹೀಗೇ.

ಉತ್ತರ 1 ಬರೆದವರು:
ಹೌದು, ಅದನ್ನು ಹೇಳಲು ಮರೆತಿದ್ದೆ. ಇನ್ನೊಂದು: ಮ್ಯಾಪ್, ಫಿಲ್ಟರ್ ಸರಿಯಾಗಿ ಕೆಲಸ ಮಾಡುತ್ತಾ ಅಂತ ಸುಮ್ನೆ ಟೆಸ್ಟ್ ಬರೆಯಬೇಡಿ. ಅದು ಲೈಬ್ರರಿಯವರ ಕೆಲಸ. ಮ್ಯಾಪ್ ಒಳಗೆ ಹತ್ತು ಸಾಲಿನ ಲೆಕ್ಕ ಇದ್ದರೆ ಅದನ್ನು ಹೊರಗೆ ತೆಗೆದು ಮಾಮೂಲಿ ಫಂಕ್ಷನ್ ಮಾಡಿ. ಅದರ ಟೆಸ್ಟ್‌ಗೆ ಫ್ಲೋ ಗೊತ್ತಿರಬೇಕಾಗಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಡಿಸ್ಪ್ಯಾಚರ್ ಹೊರಗಿನಿಂದ ಕೊಟ್ಟೆ, ಸ್ಲೀಪ್ ತೆಗೆದೆ. ಎರರ್ ಟೆಸ್ಟ್ ಬರೆದೆ, ನಮ್ಮಲ್ಲೂ ಫೇಲ್! ಕ್ಯಾಚ್ ಹೊರಗೇ ಇತ್ತು. ಆದರೆ ಇನ್ನೊಂದು ಸ್ಕ್ರೀನ್‌ನಲ್ಲಿ ಸ್ಟೇಟ್‌ಫ್ಲೋನ (ಈಗಿನ ಸ್ಥಿತಿಯನ್ನು ಇಟ್ಟುಕೊಳ್ಳುವ ಫ್ಲೋ) ವ್ಯಾಲ್ಯೂ ಓದಿದರೆ ಯಾವಾಗಲೂ ಮೊದಲಿನ ಖಾಲಿ ಸ್ಥಿತಿಯೇ ಬರುತ್ತಿದೆ. ಫ್ಲೋವನ್ನು ಸ್ಟೇಟ್‌ಫ್ಲೋ ಮಾಡುವ ಸ್ಟೇಟ್‌ಇನ್‌ಗೆ ವೈಲ್‌ಸಬ್‌ಸ್ಕ್ರೈಬ್ಡ್ ಕೊಟ್ಟಿದ್ದೇವೆ.

ಉತ್ತರ 2 ಬರೆದವರು:
ಹೆಸರೇ ಹೇಳುತ್ತದೆ ನೋಡಿ. ಕೇಳುವವರು ಯಾರಾದರೂ ಇದ್ದರೆ ಮಾತ್ರ ಅದು ಓಡುತ್ತದೆ, ಟೆಸ್ಟ್‌ನಲ್ಲಿ ಕೇಳುವವರೇ ಇಲ್ಲ. ರನ್‌ಟೆಸ್ಟ್‌ನ ಬ್ಯಾಕ್‌ಗ್ರೌಂಡ್‌ಸ್ಕೋಪ್‌ನಲ್ಲಿ ಒಂದು ಖಾಲಿ ಕಲೆಕ್ಟ್ (ಫ್ಲೋವನ್ನು ಕೇಳುವ ಕರೆ) ಶುರು ಮಾಡಿ, ಆಮೇಲೆ ವ್ಯಾಲ್ಯೂ ಓದಿ. ಟೆಸ್ಟ್ ಮುಗಿದಾಗ ಅದು ತಾನೇ ರದ್ದಾಗುತ್ತದೆ. ಲೋಡಿಂಗ್‌ನಂಥ ಮಧ್ಯದ ಸ್ಥಿತಿಗಳನ್ನೂ ನೋಡಬೇಕು ಅಂದರೆ ಟರ್ಬೈನ್ ಲೈಬ್ರರಿ ಹಾಕಿಕೊಳ್ಳಿ, ಅವೇಟ್‌ಐಟಂ ಕರೆದು ಒಂದೊಂದಾಗಿ ನೋಡಬಹುದು. ಸ್ಟೇಟ್‌ಫ್ಲೋ ಕೊನೆಯ ವ್ಯಾಲ್ಯೂ ಮಾತ್ರ ಇಟ್ಟುಕೊಳ್ಳುತ್ತದೆ ಅನ್ನುವುದು ನೆನಪಿರಲಿ. ಲೋಡಿಂಗ್ ಬಂದ ತಕ್ಷಣ ಫಲಿತಾಂಶವೂ ಬಂದರೆ ಲೋಡಿಂಗ್ ಕಾಣದೆ ಹೋಗಬಹುದು. ಸುಳ್ಳು ರೆಪಾಸಿಟರಿಗೆ ಚಿಕ್ಕ ಡಿಲೇ ಕೊಟ್ಟರೆ ಎರಡೂ ಕಾಣುತ್ತವೆ.