ಅಪ್‌ಡೇಟ್: ಅಮ್ಮನ ಕಾಲು ಎಳೆಯೋದು ಯಾಕೆ ಅಂತ ಗೊತ್ತಾಯ್ತು

ಸೋಮವಾರಪೇಟೆಯಿಂದ ಕೇಳಿದ್ನಲ್ಲ, ಅಮ್ಮಂಗೆ ನಡೀವಾಗ ಬಲಗಾಲಿನ ಚಪ್ಪಲಿ ಜಾರುತ್ತೆ, ಬೆರಳು ಹೊಸ್ತಿಲಿಗೆ ತಾಗುತ್ತೆ, ಪಾದ ನೆಲಕ್ಕೆ ಪಟ್ ಅಂತ ಬೀಳುತ್ತೆ ಅಂತ. ಅದು ಫುಟ್ ಡ್ರಾಪ್ ಅಂತೆ, ಅಂದ್ರೆ ಪಾದದ ಮುಂಭಾಗ ಮೇಲೆತ್ತೋಕೆ ಆಗದೆ ಜೋತುಬೀಳೋದು.

ಎಣ್ಣೆ ತಿಕ್ಕೋದು, ಬಿ12 ಮಾತ್ರೆ ಎರಡರಿಂದಲೂ ಏನೂ ಆಗ್ಲಿಲ್ಲ. "ಹಿಮ್ಮಡಿ ಮೇಲೆ ನಡೆಸಿ ನೋಡಿ" ಅಂದವ್ರಿಗೆ ದೊಡ್ಡ ಥ್ಯಾಂಕ್ಸ್, ಎಡಗಾಲಲ್ಲಿ ಆಯ್ತು, ಬಲಗಾಲಿನ ಮುಂಪಾದ ಮೇಲಕ್ಕೇ ಏಳ್ಲಿಲ್ಲ, ಆಮೇಲೆ ನೋಡಿದ್ರೆ ಹೆಬ್ಬೆರಳು ಅದರ ಪಕ್ಕದ ಬೆರಳಿನ ಸಂದಿಲಿ ಮುಟ್ಟಿದ್ರೂ ಗೊತ್ತಾಗ್ತಿರ್ಲಿಲ್ಲ. ನೋವೇ ಇರ್ಲಿಲ್ಲ, ಅದಕ್ಕೇ ಅಮ್ಮ ಡಾಕ್ಟ್ರು ಬೇಡ ಅಂತಿದ್ರು!

ಮೈಸೂರಲ್ಲಿ ನರದ ಟೆಸ್ಟ್ ಮಾಡಿದ್ರು. ಸೊಂಟದ ಡಿಸ್ಕ್ ತೊಂದ್ರೆ ಇರ್ಬೇಕು ಅಂತ ಸುಮಾರು ಜನ ಹೇಳಿದ್ರಿ, ಎಷ್ಟೋ ಜನಕ್ಕೆ ಅದರಿಂದಲೂ ಬರುತ್ತಂತೆ, ಅಮ್ಮಂಗೆ ಮಾತ್ರ ಮಂಡಿ ಹೊರಗಡೆ ಮೂಳೆ ಸುತ್ತಿ ಹೋಗೋ ನರ ಒತ್ತಿಹೋಗಿದೆ. ಅಲ್ಲಿ ಆ ನರ ಚರ್ಮದ ಕೆಳಗೇ ಇರುತ್ತಂತೆ. ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ಉದುರಿದ ಕಾಫಿ ಹೆಕ್ಕೋದೇ ಕಾರಣ ಅಂದ್ರು, ನಾನಂತೂ ಊಹಿಸಿರ್ಲಿಲ್ಲ. ಕಾಲ್ ಮೇಲೆ ಕಾಲ್ ಹಾಕಿ ಕೂರೋದೂ ಬೇಡ ಅಂದಿದಾರೆ.

ಈಗ ಪಾದ ಎತ್ತಿ ಹಿಡಿಯೋ ಸ್ಪ್ಲಿಂಟ್, ಫಿಸಿಯೋಥೆರಪಿ ನಡೀತಿದೆ, ಬೆರಳು ಸ್ವಲ್ಪ ಮೇಲೆ ಬರ್ತಿದೆ. ನರ ಚಿಗುರೋದು ನಿಧಾನ, ತಿಂಗಳುಗಟ್ಟಲೆ ಆಗುತ್ತಂತೆ. ಇದ್ದಕ್ಕಿದ್ದಂಗೆ ಬಂದ್ರೆ, ಜೊತೆಗೆ ಕೈ, ಮುಖ ಸೋತ್ರೆ, ಇಲ್ಲ ಮೂತ್ರ ಹಿಡಿತ ತಪ್ಪಿದ್ರೆ ಮಾತ್ರ ಕಾಯ್ಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ.